ಹುಲಿ ಮೀಸಲಾದರೆ ಮಂಗನ ಕಾಯಿಲೆ ಹೆಚ್ಚುತ್ತಾ?

ವಾಳಪೈ ಗೇರುಮರ:
ನಿನ್ನೆ ಚಹಾ ಅಂಗಡಿಯಲ್ಲಿ ಜಗಳವೇ ಆಯಿತು. ಮಹದಾಯಿ ಅಭಯಾರಣ್ಯವನ್ನು (ಇಲ್ಲಿ ಮ್ಹಾದೇಯಿ ಅಂತಾರೆ, ನೀರಿನ ಜಗಳ ಇಲ್ಲಿ ಬೇಡ) ಹುಲಿ ಮೀಸಲು ಮಾಡಿ ಅಂತ 2023ರ ಜುಲೈನಲ್ಲಿ ಹೈಕೋರ್ಟಿನ ಗೋವಾ ಪೀಠ ಹೇಳಿತ್ತಲ್ಲ, ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. ಪಕ್ಕದ ತೋಟದವರ ವಾದ ಇಷ್ಟೇ: ಕಾಡು ಬೆಳೆದರೆ ಮಂಗ ಜಾಸ್ತಿ, ಮಂಗ ಜಾಸ್ತಿಯಾದರೆ ಕಾಯಿಲೆ ಜಾಸ್ತಿ. 2015ರಲ್ಲಿ ನಮ್ಮ ಸತ್ತರಿ ತಾಲೂಕಿನ ಪಾಳಿ ಊರಿಗೆ ಮಂಗನ ಕಾಯಿಲೆ ಬಂದದ್ದನ್ನು ಯಾರೂ ಮರೆತಿಲ್ಲ. ಆದರೂ ನನಗೆ ಈ ಲೆಕ್ಕ ತಲೆಕೆಳಗು ಅನ್ನಿಸುತ್ತದೆ. ನೀವೇನಂತೀರಿ?

ಸಾಗರದವಳು, ಫೋಂಡಾ:
ಸುಮ್ನೆ ತಲೆಕೆಳಗು ಅನ್ನಬೇಡಿ. ನಮ್ಮ ಸಾಗರ ತಾಲೂಕಿನ ಅರಳಗೋಡಿನಲ್ಲಿ 2018-19ರಲ್ಲಿ ಇದೇ ಕಾಯಿಲೆಗೆ ಜನ ಸತ್ತರು. ಊರು ಇರುವುದು ಶರಾವತಿ ಅಭಯಾರಣ್ಯದ ಪಕ್ಕದಲ್ಲೇ. ನಮ್ಮತ್ತೆ ಮನೆ ಆ ಕಡೆ. ಕೊಟ್ಟಿಗೆಗೆ ದರಗು (ಒಣ ಎಲೆ) ತರಲು ಹೋದ ಹೆಂಗಸರು ವಾಪಸ್ ಬಂದು ಸೀರೆ ಕೊಡವುತ್ತಿದ್ದರು. ನೆರಿಗೆಯಲ್ಲಿ ರಾಗಿ ಕಾಳಿಗಿಂತ ಸಣ್ಣ ಉಣುಗು, ಕಾಯಿಲೆ ಹರಡುವುದು ಅದೇ. ಕಣ್ಣಿಗೆ ಕಂಡರೆ ಅದೃಷ್ಟ. ಅಭಯಾರಣ್ಯ ಇದ್ದೂ ಯಾಕೆ ಬಂತು, ಹೇಳಿ.

ಪುಣೆ ಜೀವಶಾಸ್ತ್ರ ಟೀಚರ್:
ಒಳ್ಳೆ ಪ್ರಶ್ನೆ. ಸೊರಬದ ಕ್ಯಾಸನೂರು ಕಾಡಿನ ಆ ವೈರಸ್ಸನ್ನು 1957ರಲ್ಲಿ ಗುರುತಿಸಿದ್ದು ನಮ್ಮ ಪುಣೆಯ ಪ್ರಯೋಗಾಲಯ. ಈಗಿನ ಹೆಸರು ರಾಷ್ಟ್ರೀಯ ವೈರಾಣು ಸಂಸ್ಥೆ. ಉಣುಗಿನ ಬದುಕು ನೋಡಿ. ಚಿಕ್ಕ ಮರಿ ಇಲಿ, ಮೂಗಿಲಿ, ಹಕ್ಕಿಯ ರಕ್ತ ಹೀರುತ್ತದೆ. ಅದಕ್ಕಿಂತ ದೊಡ್ಡ ಮರಿ ಮಂಗಕ್ಕೂ ಮನುಷ್ಯನಿಗೂ ಹತ್ತುತ್ತದೆ. ಬಲಿತ ಉಣುಗಿಗೆ ದನ ಬೇಕು. ದನಕ್ಕೆ ಕಾಯಿಲೆ ಬರಲ್ಲ, ಆದರೆ ಉಣುಗಿನ ಸಂಖ್ಯೆ ಏರುತ್ತದೆ. ಮಂಗ ಸತ್ತರೆ ಮೈಮೇಲಿನ ಉಣುಗೆಲ್ಲ ಒಂದೇ ಜಾಗದಲ್ಲಿ ಉದುರುತ್ತವೆ. ಹಾಗಾಗಿ ಅಪಾಯ ಜಾಸ್ತಿ ಇರುವುದು ಕಾಡು, ತೋಟ, ದನ ಮೂರೂ ಬೆರೆತ ಅಂಚಿನಲ್ಲಿ. ಅಭಯಾರಣ್ಯ ಅಂತ ಬೋರ್ಡ್ ಹಾಕಿದ ಮಾತ್ರಕ್ಕೆ ಅಂಚು ಮಾಯವಾಗಲ್ಲ. ಕಾಡನ್ನು ತುಂಡು ತುಂಡು ಮಾಡಿದಷ್ಟೂ ಅಂಚು ಉದ್ದವಾಗುತ್ತದೆ, ಅಷ್ಟೇ.

ಮಡಗಾಂವ್ ಮಲ್ಲಣ್ಣ:
ಅಂದರೆ ಕೊನೆಗೆ ತಪ್ಪು ಬಡವರ ದನದ್ದು! ಗಣಿಗೆ ಗುಡ್ಡ ಅಗೆದವರು ಆರಾಮಾಗಿ ಮನೆಯಲ್ಲಿದ್ದಾರೆ. ಗೇರು ಹಣ್ಣು ಆರಿಸುವವರಲ್ಲಿ ನಮ್ಮ ಕಡೆಯ ಕೂಲಿಯವರೂ ಇದ್ದಾರೆ. ಉಣುಗು ಕಚ್ಚೋದು ಅವರಿಗೆ.

ಪುಣೆ ಜೀವಶಾಸ್ತ್ರ ಟೀಚರ್:
ದನ ತಪ್ಪು ಮಾಡಿದೆ ಅಂತ ನಾನೆಲ್ಲಿ ಹೇಳಿದೆ ಮಲ್ಲಣ್ಣ? ಮೇವಿನ ಜಾಗ ಕೊಡದೆ ಕಾಡಿಗೆ ಬೇಲಿ ಹಾಕಿದರೆ ಕೆಲಸ ಆಗಲ್ಲ. ಅಷ್ಟು ಒಪ್ಪುತ್ತೇನೆ.

ಬೋರಿವಲಿ ಬಸು:
ನಮ್ಮ ಮುಂಬೈ ಕಥೆ ಕೇಳಿ. ಸಂಜಯ್ ಗಾಂಧಿ ಉದ್ಯಾನದ ಚಿರತೆಗಳು ಬೀದಿ ನಾಯಿ ತಿನ್ನುತ್ತವೆ. ಅದರಿಂದ ವರ್ಷಕ್ಕೆ ಸುಮಾರು 1000 ನಾಯಿ ಕಡಿತ ತಪ್ಪುತ್ತದೆ ಅಂತ 2018ರ ಒಂದು ಅಧ್ಯಯನ ಅಂದಾಜು ಮಾಡಿತ್ತು. ರೇಬೀಸ್‌ಗೆ ಕಾಡೇ ಕಾವಲು!

ಸಾಗರದವಳು, ಫೋಂಡಾ:
ಬಸು, ಆ ಉದ್ಯಾನದ ಪಕ್ಕದ ಆರೇ ಕಾಲೋನಿಯಲ್ಲಿ ಚಿರತೆ ಭಯಕ್ಕೆ ಮಗುವನ್ನು ಹೊರಗೆ ಬಿಡಲು ಹೆದರುವ ತಾಯಿಗೆ ಇದನ್ನು ಹೇಳಿ ನೋಡೋಣ. ಗೋವಾದಲ್ಲಿ ರೇಬೀಸ್ ಹಿಡಿತಕ್ಕೆ ಬಂದದ್ದು ಚಿರತೆಯಿಂದಲ್ಲ. ವರ್ಷ ವರ್ಷವೂ ಬಲೆ ಹಿಡಿದು ಬೀದಿ ಬೀದಿ ಸುತ್ತಿ ನಾಯಿಗಳಿಗೆ ಲಸಿಕೆ ಹಾಕಿದರು. 2021ರಲ್ಲಿ ರಾಜ್ಯ ರೇಬೀಸ್ ನಿಯಂತ್ರಿತ ಅಂತ ಘೋಷಣೆ ಆಯಿತು.

ಬೋರಿವಲಿ ಬಸು:
ಸರಿ, ಸೋತೆ. ಅರ್ಧ. ಚಿರತೆ ಹೋದರೆ ಆ ನಾಯಿಗಳ ಲೆಕ್ಕ ಯಾರು ನೋಡುತ್ತಾರೆ?

ವಾಳಪೈ ಗೇರುಮರ:
ಹುಲಿ ಮೀಸಲಿಗೆ ನನ್ನ ಓಟು ಈಗಲೂ ಇದೆ, ಹೊಸದಾಗಿ ಕಾಡು ಸೀಳಬಾರದು ಅಂತ. ಆದರೆ ಟೀಚರ್ ಹೇಳಿದ ಅಂಚಿನಲ್ಲೇ ನನ್ನ ತೋಟ ಇದೆ, ಅದೇ ಚಿಂತೆ. ಹಣ್ಣು ಬೀಳುವ ಕಾಲ ಶುರುವಾಗಿದೆ. ಉಣುಗಿನ ಮರಿಗಳ ಕಾಲವೂ ಇದೇ ಅಲ್ವಾ? ಇವತ್ತು ಆಳುಗಳನ್ನು ಕೇಳಿದೆ, ಮಂಗ ಸತ್ತು ಬಿದ್ದದ್ದು ಕಂಡರೆ ಯಾರಿಗೆ ಹೇಳುತ್ತೀರಿ ಅಂತ. ಎಂಟು ಜನರಲ್ಲಿ ಒಬ್ಬರಿಗೂ ಗೊತ್ತಿಲ್ಲ. ಒಬ್ಬ, ಹೂಳಿಬಿಡ್ತೀವಿ ಸಾಹೇಬ್ರೇ ಅಂದ.

ಸಾಗರದವಳು, ಫೋಂಡಾ:
ಅಯ್ಯೋ, ಮುಟ್ಟಲೇಬಾರದು! ಹತ್ತಿರವೂ ಹೋಗಬಾರದು. ಆರೋಗ್ಯ ಕೇಂದ್ರಕ್ಕೂ ಅರಣ್ಯದವರಿಗೂ ತಕ್ಷಣ ಫೋನ್ ಮಾಡಬೇಕು. ತೋಟಕ್ಕೆ ಹೋಗುವ ಮೊದಲು ಕೈಕಾಲಿಗೆ ಡೀಪಾ ಎಣ್ಣೆ (ಉಣುಗು ಹತ್ತದಂತೆ ತಡೆಯುವುದು) ಹಚ್ಚಲು ಹೇಳಿ, ಬಂದ ಮೇಲೆ ಬಿಸಿನೀರಿನ ಸ್ನಾನ. ಎಣ್ಣೆ ಸಿಗದಿದ್ದರೆ ಹೇಳಿ, ಭಾನುವಾರ ನಾನು ಆ ಕಡೆ ಬರುವವಳಿದ್ದೇನೆ.