ಕಪ್ಪಗಿರುವ ಬೆಳ್ಳಕ್ಕಿಗೆ ಏನನ್ನಬೇಕು?

ಕಾಂಡ್ಲಾ ಕಾಡಿನ, ಅಂದರೆ ಮ್ಯಾಂಗ್ರೋವ್ ಕಾಡಿನ, ಹಕ್ಕಿಗಳದ್ದೊಂದು ಕನ್ನಡ ಹೆಸರುಪಟ್ಟಿ ಮಾಡುತ್ತಿದ್ದೇನೆ. ಮಿಂಚುಳ್ಳಿ, ನೀರುಕಾಗೆ ಎಲ್ಲ ಸಲೀಸಾಗಿ ಮುಗಿದವು. ವೆಸ್ಟರ್ನ್ ರೀಫ್ ಈಗ್ರೆಟ್ (ಈಗ್ರೆಟ್ ಅಂದರೆ ಬೆಳ್ಳಕ್ಕಿ) ಹೆಸರಿನ ಹತ್ತಿರ ಬಂದು ನಿಂತುಬಿಟ್ಟೆ.

ಮೊನ್ನೆ ಇದನ್ನು ತುಂಬಾ ಹತ್ತಿರದಿಂದ ನೋಡಿದೆ. ನೀರು ಇಳಿದಿತ್ತು. ಉಸಿರುಬೇರುಗಳು ಕೆಸರಿನಿಂದ ಮೊಳೆಗಳ ಹಾಗೆ ಎದ್ದಿದ್ದವು. ಅವುಗಳ ನಡುವೆ ಒಂದು ಕಾಲು ಮುಂದಿಟ್ಟು, ಗಡಗಡ ನಡುಗಿಸಿ ಕೆಸರು ಕಲಕುತ್ತಿತ್ತು. ಮೈಯೆಲ್ಲ ಸ್ಲೇಟಿನ ಬಣ್ಣ, ಗಂಟಲು ಮಾತ್ರ ಬಿಳಿ. ಕಾಲೆತ್ತಿದಾಗ ಹಳದಿ ಪಾದ ಕಂಡಿತು. ನಾಲ್ಕು ಹೆಜ್ಜೆ ಆಚೆ ಇನ್ನೊಂದು, ಅಚ್ಚ ಬಿಳಿ. ಎರಡೂ ಒಂದೇ ಜಾತಿ! ಗಂಡು ಹೆಣ್ಣೆಂಬ ವ್ಯತ್ಯಾಸವೂ ಅಲ್ಲ. ಈ ಜಾತಿಯಲ್ಲಿ ಕಪ್ಪೂ ಉಂಟು, ಬಿಳಿಯೂ ಉಂಟು.

ಈಗ ತೊಡಕು ಇಲ್ಲಿದೆ. ಬೆಳ್ಳಕ್ಕಿ ಅಂದರೆ ಬೆಳ್ಳನೆಯ ಹಕ್ಕಿ. ಬೆಳ್ಳಿ, ಬೆಳ್ದಿಂಗಳು ಪದಗಳಲ್ಲಿರುವ ಅದೇ ‘ಬೆಳ್’. ಹಾಗಾದರೆ ‘ಕರಿ ಬೆಳ್ಳಕ್ಕಿ’ ಅಂದರೆ ತಪ್ಪಾಗುತ್ತದಾ?

ಕೊಕ್ಕರೆ ಅಂದುಬಿಡಿ ಅಂತ ಗೆಳೆಯರೊಬ್ಬರು ಹೇಳಿದರು. ಉದ್ದ ಕಾಲಿನ ಎಲ್ಲದಕ್ಕೂ ನಾವು ಕೊಕ್ಕರೆ ಅನ್ನುತ್ತೇವೆ, ನಿಜ. ಆದರೆ ಹಾರುವಾಗ ನೋಡಿ. ಕೊಕ್ಕರೆ ಕತ್ತನ್ನು ನೆಟ್ಟಗೆ ಮುಂದಕ್ಕೆ ಚಾಚುತ್ತದೆ. ಬಕ, ಬೆಳ್ಳಕ್ಕಿಗಳು ಕತ್ತು ಮಡಿಚಿ ಹೆಗಲಿಗೆ ಒತ್ತಿಕೊಂಡು ಹಾರುತ್ತವೆ. ಇಷ್ಟು ಸ್ಪಷ್ಟ ಗುರುತಿರುವಾಗ ಎರಡನ್ನೂ ಒಂದೇ ಹೆಸರಲ್ಲಿ ಕಲಸುವುದು ನನಗೆ ಇಷ್ಟವಿಲ್ಲ.

ಹಾಗಾದರೆ ಬಕ? ಕುಟುಂಬವೇನೋ ಅದೇ. ಆದರೆ ಬಕ ಅಂದ ಕೂಡಲೇ ನಮಗೆ ಬಕಧ್ಯಾನ ನೆನಪಾಗುತ್ತದೆ, ಅಲ್ವಾ? ಅದು ಅದೇ ಕಾಡಿನ ಹಸಿರು ಬಕಕ್ಕೆ ಸರಿ. ಬೇರಿನ ಮೇಲೆ ಕುಗ್ಗಿ ಕೂತರೆ ಎಷ್ಟು ಹೊತ್ತಾದರೂ ಅಲುಗುವುದಿಲ್ಲ. ನಾನು ನೋಡಿದ್ದು ಸುಮ್ನೆ ನಿಲ್ಲುವ ಜೀವವೇ ಅಲ್ಲ. ಕಲಕುತ್ತದೆ, ಓಡುತ್ತದೆ, ರೆಕ್ಕೆ ಅರೆಬಿಚ್ಚಿ ಮೀನಿನ ಹಿಂದೆ ತಿರುಗುತ್ತದೆ.

ನನ್ನ ಒಲವು ‘ಕರಿ ಬೆಳ್ಳಕ್ಕಿ’ ಕಡೆಗೇ. ಎಣ್ಣೆ ಪದವನ್ನೇ ತೆಗೆದುಕೊಳ್ಳಿ. ಎಳ್ಳಿನ ನೆಯ್ ಎಣ್ಣೆಯಾಯಿತು. ಆಮೇಲೆ ಎಳ್ಳು ಮರೆತುಹೋಗಿ ಕೊಬ್ಬರಿ ಎಣ್ಣೆ ಬಂತು, ಸೀಮೆಎಣ್ಣೆಯೂ ಬಂತು. ಯಾರಿಗೂ ಕಿವಿಗೆ ಚುಚ್ಚಲಿಲ್ಲ. ಬೆಳ್ಳಕ್ಕಿಯಲ್ಲೂ ಬಿಳುಪು ಹಾಗೆಯೇ ಸವೆದು, ಪದ ಒಂದು ಬಗೆಯ ಹಕ್ಕಿಗಳ ಹೆಸರಾಗಿ ಉಳಿದಿದೆ ಅನ್ನಿಸುತ್ತದೆ. ಆದರೂ ‘ಬೆಳ್’ ಇನ್ನೂ ಕಿವಿಗೆ ಸ್ಪಷ್ಟವಾಗಿ ಕೇಳುತ್ತದಲ್ಲ, ಅಲ್ಲೇ ನನ್ನ ಅನುಮಾನ.

ಅಳಿವೆ ಬದಿಯಲ್ಲಿ ಮೀನು ಹಿಡಿಯುವವರ ಬಾಯಲ್ಲಿ ಈ ಕಪ್ಪು ಹಕ್ಕಿಗೆ ಬೇರೆ ಹೆಸರು ಕೇಳಿದ್ದೀರಾ? ಕೇಳಿದ್ದರೆ ಉಚ್ಚಾರ ಇದ್ದ ಹಾಗೇ ಬರೆಯಿರಿ, ತಿದ್ದಬೇಡಿ. ಅದೇ ಬಿಳಿ ಹಕ್ಕಿಗೂ ಆ ಹೆಸರೇ ಇದೆಯಾ ಅನ್ನುವುದನ್ನೂ ತಿಳಿಸಿ.