ಗುಳಿಗೆಯ ಡೋಸ್ ಏರಿಸಿದ ಮೇಲೆ ಗಾಬರಿ ಜಾಸ್ತಿಯಾಗಿದೆ, ಬಿಟ್ಟುಬಿಡಲಾ?

ಪ್ರಶ್ನೆ (ಇಳಕಲ್, ಗಂಡಸು, 36 ವರ್ಷ)

ಮೇಡಂ ರೀ, ನಮಸ್ಕಾರ. ನನ್ನದು ಇಳಕಲ್‌ನಲ್ಲಿ ಸೀರೆ ಅಂಗಡಿ. ಒಂದು ವರ್ಷದಿಂದ ಗಾಬರಿಯ ಕಾಯಿಲೆ ಇದೆ. ಅಂಗಡಿಯಲ್ಲಿ ನಾಲ್ಕು ಗಿರಾಕಿ ಒಟ್ಟಿಗೆ ಕೂತರೆ ಎದೆ ಹೊಡೆದುಕೊಳ್ಳುತ್ತದೆ, ಉಸಿರು ಸಾಲುವುದಿಲ್ಲ. ಬಾಗಲಕೋಟೆಗೆ ಹೋಗಿ ಮನೋವೈದ್ಯರಿಗೆ ತೋರಿಸಿದೆ. ಎಸ್ಸಿಟಾಲೋಪ್ರಾಂ 10 ಮಿಲಿಗ್ರಾಂ ಕೊಟ್ಟರು. ಎರಡು ತಿಂಗಳಲ್ಲಿ ಅರ್ಧ ಆರಾಮಾಯಿತು, ಇನ್ನರ್ಧ ಹಾಗೇ ಉಳಿಯಿತು. ಅದಕ್ಕೆ ಹೋದ ವಾರ 20ಕ್ಕೆ ಏರಿಸಿದರು.

ಇವತ್ತಿಗೆ ಆರು ದಿನ. ಎರಡನೇ ದಿನದಿಂದಲೇ ಹೊಟ್ಟೆ ತೊಳಸುತ್ತಿದೆ. ರೊಟ್ಟಿ ಮುಂದೆ ಬಂದರೆ ಬೇಡ ಅನ್ನಿಸುತ್ತದೆ. ರಾತ್ರಿ ಮೂರಕ್ಕೆ ಎಚ್ಚರವಾದರೆ ಮುಗಿಯಿತು, ಮತ್ತೆ ನಿದ್ದೆ ಇಲ್ಲ. ದಿನವಿಡೀ ಆಕಳಿಕೆ. ಸೆರಗು ಬಿಚ್ಚಿ ತೋರಿಸುವಾಗ ಕೈ ನಡುಗುತ್ತದೆ. ಗಿರಾಕಿ ಸೀರೆ ಬಿಟ್ಟು ನನ್ನ ಕೈ ನೋಡುತ್ತಾರೆ. ಗಾಬರಿ ಕಡಿಮೆಯಾಗಲಿ ಅಂತ ಏರಿಸಿದರೆ ಗಾಬರಿಯೇ ಏರಿದೆ. ಅವ್ವ "ಈ ಗುಳಿಗೆ ಬಹಳ ಉಷ್ಣ, ಬಿಟ್ಟುಬಿಡು" ಅನ್ನುತ್ತಾಳೆ. ಮುಂದಿನ ಸಲ ತೋರಿಸಲು ಇನ್ನೂ ಮೂರು ವಾರ ಇದೆ. ನಾನೇ 10ಕ್ಕೆ ಇಳಿಸಿಕೊಳ್ಳಲಾ? ಇದು ಗುಳಿಗೆಯ ಕಾಟವೋ, ಕಾಯಿಲೆಯೇ ಕೆಡುತ್ತಿದೆಯೋ?

ಉತ್ತರ (ಮನೋವೈದ್ಯೆ)

ಅಣ್ಣಾರೇ, ನಿಮ್ಮ ಕೊನೆಯ ಪ್ರಶ್ನೆ ಮೊದಲು ತೆಗೆದುಕೊಳ್ಳುತ್ತೇನೆ. ನೀವು ಬರೆದದ್ದನ್ನು ಓದಿದರೆ ಬಹುಪಾಲು ಗುಳಿಗೆಯ ಪರಿಣಾಮವೇ ಅನ್ನಿಸುತ್ತದೆ. ಡೋಸ್ ಏರಿಸಿದ ಎರಡನೇ ದಿನವೇ ಶುರುವಾಗಿದೆ. ಆಕಳಿಕೆ, ಹೊಟ್ಟೆ ತೊಳಸುವುದು ನಿಮ್ಮ ಹಳೆಯ ಗಾಬರಿಯಲ್ಲಿ ಇರಲಿಲ್ಲ, ಅಲ್ವಾ? ಕಾಯಿಲೆ ಕೆಟ್ಟರೆ ಸಾಮಾನ್ಯವಾಗಿ ಹಳೆಯ ತೊಂದರೆಯೇ ಜೋರಾಗುತ್ತದೆ. ನಿಮ್ಮಲ್ಲಿ ಹೊಸದು ಬಂದಿದೆ.

ಹೊಟ್ಟೆಗೆ ಯಾಕೆ ಪೆಟ್ಟು ಅಂದರೆ, ಈ ಗುಳಿಗೆ ಸೆರಟೋನಿನ್ ಮೇಲೆ ಕೆಲಸ ಮಾಡುತ್ತದೆ. ನಾವು ಅದನ್ನು ಮೆದುಳಿನ ರಾಸಾಯನಿಕ ಅನ್ನುತ್ತೇವೆ. ಆದರೆ ದೇಹದ ಸುಮಾರು 90 ಶೇಕಡಾ ಸೆರಟೋನಿನ್ ಇರುವುದು ಕರುಳಿನಲ್ಲಿ. ಡೋಸ್ ಏರಿದಾಗ ಮೊದಲು ಕೂಗುವುದು ಹೊಟ್ಟೆಯೇ. ಕೆಲವರಿಗೆ ವಾಕರಿಕೆ, ಕೆಲವರಿಗೆ ಭೇದಿ. ಮೈ ಬೆವರುವುದು, ತಲೆನೋವು, ಹಲ್ಲು ಕಚ್ಚಿ ಹಿಡಿಯುವುದು, ಇವೂ ಬರುತ್ತವೆ. ಗಾಬರಿ ಏರುವುದೂ ಗೊತ್ತಿರುವ ಪರಿಣಾಮವೇ. ಅದರಲ್ಲೂ ಮೊದಲೇ ಎದೆಯ ಬಡಿತಕ್ಕೆ ಕಿವಿಗೊಟ್ಟು ಕೂರುವವರಿಗೆ ಸ್ವಲ್ಪ ನಡುಕ ಬಂದರೂ "ಮತ್ತೆ ಶುರುವಾಯಿತು" ಅನ್ನಿಸುತ್ತದೆ. ಆ ಭಯಕ್ಕೆ ಎದೆ ಇನ್ನೂ ಜೋರಾಗಿ ಬಡಿಯುತ್ತದೆ.

ನೀವು ಅಂಗಡಿ ಇಟ್ಟವರು, ನಿಮ್ಮ ಮಾತಲ್ಲೇ ಹೇಳುತ್ತೇನೆ. ಈ ಗುಳಿಗೆಯ ತೊಂದರೆ ನಗದು, ಲಾಭ ಉದ್ರಿ. ತೊಂದರೆ ಮೊದಲ ದಿನದಿಂದಲೇ ಕೈಗೆ ಬರುತ್ತದೆ. ರಕ್ತದಲ್ಲಿ ಹೊಸ ಡೋಸ್ ಒಂದು ಮಟ್ಟಕ್ಕೆ ನಿಲ್ಲಲು ಸುಮಾರು ಒಂದು ವಾರ ಬೇಕು. ಹೊಟ್ಟೆ, ನಡುಕ ಹೆಚ್ಚಿನವರಿಗೆ ಒಂದೆರಡು ವಾರದಲ್ಲಿ ತಗ್ಗುತ್ತದೆ. ಗಾಬರಿಯ ಮೇಲೆ ಹೊಸ ಡೋಸ್ ಎಷ್ಟು ಕೆಲಸ ಮಾಡಿತು ಅನ್ನುವುದು ತಿಳಿಯಲು 4ರಿಂದ 6 ವಾರ ಬೇಕು. ಆರನೇ ದಿನ ಅಂದರೆ ಖರ್ಚು ಮಾತ್ರ ಕಾಣುವ ದಿನ.

ಹಾಗಂತ "ಸುಮ್ನೆ ತಡೆದುಕೊಳ್ಳಿ" ಅಂತ ನಾನು ಹೇಳುವುದಿಲ್ಲ. ಬಹಳ ಜನ ಎರಡೇ ದಾರಿ ಇವೆ ಅಂದುಕೊಳ್ಳುತ್ತಾರೆ. ಹಲ್ಲು ಕಚ್ಚಿ ಸಹಿಸುವುದು, ಇಲ್ಲವೇ ಯಾರಿಗೂ ಹೇಳದೆ ಬಿಟ್ಟುಬಿಡುವುದು. ಮೂರನೇ ದಾರಿ ಇದೆ: ಏರಿಸುವ ವೇಗ ಕಡಿಮೆ ಮಾಡುವುದು. 10ರಿಂದ ನೇರ 20ಕ್ಕೆ ಹೋಗುವುದು ತಪ್ಪಲ್ಲ, ಎಷ್ಟೋ ಜನಕ್ಕೆ ಏನೂ ಆಗುವುದಿಲ್ಲ. ನಿಮ್ಮಂಥ ಸೂಕ್ಷ್ಮ ಮೈಯವರಿಗೆ 10ರ ಜೊತೆ 5 ಸೇರಿಸಿ 15ರಲ್ಲಿ ಎರಡು ವಾರ ನಿಂತು, ಆಮೇಲೆ ಮುಂದೆ ಹೋಗಬಹುದು. ಕೆಲವರಿಗೆ 15ರಲ್ಲೇ ಸಾಕಾಗುತ್ತದೆ. ಆದರೆ ಅದನ್ನು ನಿಮ್ಮ ವೈದ್ಯರು ಹೇಳಬೇಕು. ಮೂರು ವಾರ ಕಾಯಬೇಡಿ, ನಾಳೆಯೇ ಆಸ್ಪತ್ರೆಗೆ ಫೋನ್ ಮಾಡಿ. ಚೀಟಿಯ ಮೇಲೆ ನಂಬರ್ ಇರುತ್ತದೆ.

ಪೂರ್ತಿ ಬಿಡುವುದಂತೂ ಬೇಡ. ಒಮ್ಮೆಲೇ ನಿಲ್ಲಿಸಿದರೆ ತಲೆಸುತ್ತು, ತಲೆಯೊಳಗೆ ಕರೆಂಟ್ ಹೊಡೆದ ಹಾಗೆ ಜುಮ್ಮೆನ್ನುವುದು, ಸಿಡಿಮಿಡಿ ಎಲ್ಲ ಬರುತ್ತವೆ. ಅವ್ವನಿಗೆ ಹೇಳಿ, ಉಷ್ಣ ಅನ್ನುವ ಅವರ ಮಾತು ಪೂರ್ತಿ ಸುಳ್ಳಲ್ಲ. ಬೆವರು ಜಾಸ್ತಿಯಾಗುವುದು ನಿಜ. ನೀರು, ಮಜ್ಜಿಗೆ ಚೆನ್ನಾಗಿ ಕುಡಿಸಲಿ.

ಸದ್ಯಕ್ಕೆ ಇಷ್ಟು ಮಾಡಿ. ಗುಳಿಗೆಯನ್ನು ಖಾಲಿ ಹೊಟ್ಟೆಗೆ ಚಹಾದ ಜೊತೆ ನುಂಗುತ್ತಿದ್ದರೆ ನಿಲ್ಲಿಸಿ. ಮುಂಜಾನೆ ಉಪ್ಪಿಟ್ಟೋ ಮೊಸರನ್ನವೋ ಹೊಟ್ಟೆಗೆ ಹೋದ ಮೇಲೆ ತೆಗೆದುಕೊಳ್ಳಿ. ರಾತ್ರಿ ನಿದ್ದೆ ಕೆಡುವವರಿಗೆ ಮುಂಜಾನೆಯೇ ಒಳ್ಳೆಯದು. ಒಂದೇ ಸಲ ಎರಡು ರೊಟ್ಟಿ ಹೋಗದಿದ್ದರೆ ಸ್ವಲ್ಪ ಸ್ವಲ್ಪ ತಿನ್ನಿ. ವಾಕರಿಕೆ ಇದ್ದಾಗ ಒಣ ಚುರುಮುರಿ ಹೊಟ್ಟೆಗೆ ಹಗುರ. ಇನ್ನು ಚಹಾ. ಅಂಗಡಿಯವರ ಲೆಕ್ಕ ನನಗೆ ಗೊತ್ತು. ಗಿರಾಕಿಗೆ ತರಿಸಿದಾಗಲೆಲ್ಲ ನಿಮಗೂ ಒಂದು ಕಪ್. ನಡುಕ ಇರುವಾಗ ಅದು ಉರಿಗೆ ಎಣ್ಣೆ. ದಿನಕ್ಕೆ ಎರಡಕ್ಕೆ ಇಳಿಸಿ, ಮಧ್ಯಾಹ್ನದ ಮೇಲೆ ಬೇಡ.

ಒಂದು ಮಾತು ಕೇಳಬೇಕು. ಬೇರೆ ಏನಾದರೂ ಗುಳಿಗೆ ತೆಗೆದುಕೊಳ್ಳುತ್ತಿದ್ದೀರಾ? ಮೆಡಿಕಲ್ ಅಂಗಡಿಯಲ್ಲಿ ಕೇಳಿ ತಂದದ್ದೂ ಲೆಕ್ಕವೇ.

ಅದೇ ಇಳಕಲ್‌ನ ಅಣ್ಣ

ಮೇಡಂ, ದಿನಕ್ಕೆ ಎಂಟು ಚಹಾ ಆಗುತ್ತದೆ. ಮತ್ತೆ, ಮೂರನೇ ದಿನ ವಾಕರಿಕೆಗೆ ಅಂತ ಮೆಡಿಕಲ್‌ನಲ್ಲಿ ಗ್ಯಾಸ್ ಗುಳಿಗೆ ತಂದೆ. ಒಮೆಪ್ರಜೋಲ್, ಡೊಂಪೆರಿಡೋನ್ ಎರಡೂ ಸೇರಿದ ಕ್ಯಾಪ್ಸೂಲ್. ದಿನಾ ಮುಂಜಾನೆ ಒಂದು. ಅದು ಗ್ಯಾಸಿನದ್ದಲ್ವಾ ಅಂತ ಮೊದಲು ಬರೆಯಲಿಲ್ಲ.

ಉತ್ತರ

ಬರೆದದ್ದು ಬಹಳ ಒಳ್ಳೆಯದಾಯಿತು. ಇದನ್ನು ನಮ್ಮ ಈ ಪ್ರಶ್ನೋತ್ತರ ಗುಂಪಿನ ಎಲ್ಲರೂ ಓದಬೇಕು.

ಒಮೆಪ್ರಜೋಲ್ ಎಸ್ಸಿಟಾಲೋಪ್ರಾಂ ಕರಗುವುದನ್ನು ನಿಧಾನ ಮಾಡುತ್ತದೆ. ಯಕೃತ್ತಿನಲ್ಲಿ ಈ ಗುಳಿಗೆಯನ್ನು ಒಡೆಯುವ ಕಿಣ್ವಕ್ಕೆ ಅದು ಅಡ್ಡ ಬರುತ್ತದೆ. ಹಾಗಾಗಿ ರಕ್ತದಲ್ಲಿ ಎಸ್ಸಿಟಾಲೋಪ್ರಾಂ ಮಟ್ಟ ಏರುತ್ತದೆ. ನೀವು ನುಂಗಿದ್ದು 20, ಆದರೆ ಮೈಗೆ ಅದಕ್ಕಿಂತ ಜಾಸ್ತಿ ನುಂಗಿದ ಹಾಗೆ. ವಾಕರಿಕೆ ತಗ್ಗಲಿ ಅಂತ ತಂದದ್ದು ವಾಕರಿಕೆಯನ್ನೇ ಹಿಡಿದು ನಿಲ್ಲಿಸಿರಬಹುದು. ಡೊಂಪೆರಿಡೋನ್ ವಿಷಯ ಬೇರೆ. ಅದೂ ಎಸ್ಸಿಟಾಲೋಪ್ರಾಂ ಎರಡೂ ಹೃದಯದ ಬಡಿತದ ಲಯದ ಮೇಲೆ ಪರಿಣಾಮ ಮಾಡಬಲ್ಲವು. ಎರಡೂ ಒಟ್ಟಿಗೆ ಬೇಡ.

ಗಾಬರಿಯಾಗಬೇಡಿ, ನಾಲ್ಕು ದಿನಕ್ಕೆ ಏನೋ ಆಗಿಹೋಗಿದೆ ಅಂತ ನಾನು ಹೇಳುತ್ತಿಲ್ಲ. ಆ ಕ್ಯಾಪ್ಸೂಲ್ ಇವತ್ತೇ ನಿಲ್ಲಿಸಿ. ನಾಳೆ ಫೋನ್ ಮಾಡಿದಾಗ ಇದರ ಹೆಸರನ್ನೇ ಮೊದಲು ಹೇಳಿ, ಇಸಿಜಿ ಬೇಕಾ ಅಂತ ಕೇಳಿ. ಈ ನಡುವೆ ತಲೆ ತಿರುಗಿ ಬಿದ್ದರೆ, ಎದೆ ಬಡಿತ ತಪ್ಪಿ ತಪ್ಪಿ ಬಂದರೆ, ಫೋನ್ ಮಾಡುತ್ತ ಕೂರದೆ ಹತ್ತಿರದ ಆಸ್ಪತ್ರೆಗೆ ಹೋಗಿ.

ಮೈಕೈ ನೋವಿಗೆ ಡಿಕ್ಲೋಫೆನಾಕ್, ಐಬುಪ್ರೊಫೆನ್ ತಂದು ನುಂಗುವವರಿಗೂ ಇದೇ ಮಾತು. ಈ ಗುಳಿಗೆಯ ಜೊತೆ ಅವು ಸೇರಿದರೆ ಹೊಟ್ಟೆಯೊಳಗೆ ರಕ್ತ ಸೋರುವ ಅಪಾಯ ಏರುತ್ತದೆ. ತಲೆನೋವಿಗೆ ಪ್ಯಾರಾಸಿಟಮಾಲ್ ಸಾಕು. ಟ್ರಮಡಾಲ್ ಇರುವ ನೋವಿನ ಗುಳಿಗೆ, ಡೆಕ್ಸ್ಟ್ರೊಮೆಥಾರ್ಫಾನ್ ಇರುವ ಕೆಮ್ಮಿನ ಸಿರಪ್ ಕೂಡ ಕೇಳದೆ ಬೇಡ. ಸೆರಟೋನಿನ್ ಮಿತಿಮೀರಿದರೆ ಜ್ವರ, ಮೈ ಸೆಟೆದುಕೊಳ್ಳುವುದು, ಜೋರು ನಡುಕ, ಮಾತು ಅಸ್ತವ್ಯಸ್ತವಾಗುವುದು ಬರುತ್ತವೆ. ಅದು ತುರ್ತು ಸ್ಥಿತಿ.

ಪ್ರಶ್ನೆ (ವಿಜಯಪುರ, ಹೆಣ್ಣುಮಗಳು)

ಮೇಡಂ, ನಮ್ಮ ಅತ್ತೆಗೆ 67 ವರ್ಷ. ಚಿಂತೆ, ನಿದ್ದೆ ಇಲ್ಲ ಅಂತ ಇದೇ ಗುಳಿಗೆ 5 ಇತ್ತು, ಹತ್ತು ದಿನದ ಹಿಂದೆ 10 ಮಾಡಿದರು. ಈಗ ಎರಡು ದಿನದಿಂದ ಮಂಕಾಗಿದ್ದಾರೆ. ನಿನ್ನೆ ನನ್ನನ್ನು ನಾದಿನಿ ಅಂದುಕೊಂಡು ಮಾತಾಡಿದರು. ಬಿಪಿಗೆ ಮೂತ್ರ ಹೋಗುವ ಗುಳಿಗೆಯೂ ಇದೆ. ಇದೂ ಎರಡು ವಾರದಲ್ಲಿ ಸರಿ ಹೋಗುತ್ತದಾ?

ಉತ್ತರ

ಇಲ್ಲ ತಂಗೀ, ಇದಕ್ಕೆ ಕಾಯಬೇಡ. ಇವತ್ತೇ ಕರೆದುಕೊಂಡು ಹೋಗಿ ರಕ್ತದಲ್ಲಿ ಸೋಡಿಯಂ, ಅಂದರೆ ಉಪ್ಪಿನ ಅಂಶ, ಎಷ್ಟಿದೆ ನೋಡಿಸು. ವಯಸ್ಸಾದವರಲ್ಲಿ ಈ ಗುಳಿಗೆ ಸೋಡಿಯಂ ಇಳಿಸಬಹುದು. ಜೊತೆಗೆ ಮೂತ್ರ ಹೋಗುವ ಬಿಪಿ ಗುಳಿಗೆ ಇದ್ದರೆ ಅಪಾಯ ಇನ್ನೂ ಜಾಸ್ತಿ. ಮಂಕು, ತಲೆನೋವು, ತಡವರಿಸುವುದು, ಗುರುತು ತಪ್ಪುವುದು ಅದರ ಲಕ್ಷಣ. ಮನೆಯಲ್ಲಿ ಇದನ್ನು "ವಯಸ್ಸಾಯಿತು, ಅರಳುಮರಳು" ಅಂತ ಬಿಟ್ಟುಬಿಡುತ್ತಾರೆ. ನೀನು ಗಮನಿಸಿದ್ದೀಯಲ್ಲ, ಅದು ದೊಡ್ಡದು. ಎರಡೂ ಗುಳಿಗೆಯ ಪಾಕೀಟು ಕೈಯಲ್ಲಿ ಹಿಡಿದುಕೊಂಡು ಹೋಗು. ಉಪ್ಪು ಜಾಸ್ತಿ ತಿನ್ನಿಸಿ ಮನೆಯಲ್ಲೇ ಸರಿ ಮಾಡಲು ಹೋಗಬೇಡ.

ಪ್ರಶ್ನೆ (ಬೆಳಗಾವಿ, ವಿದ್ಯಾರ್ಥಿ, 21 ವರ್ಷ)

ನನಗೆ ಇದೇ ಥರದ ಗುಳಿಗೆ, ಸರ್ಟ್ರಾಲಿನ್ 50 ಇತ್ತು. ಐದು ದಿನದ ಹಿಂದೆ 100 ಆಯಿತು. ಕೂತಲ್ಲಿ ಕೂರಲು ಆಗುತ್ತಿಲ್ಲ, ರೂಮಿನಲ್ಲಿ ರಾತ್ರಿಯೆಲ್ಲ ಓಡಾಡುತ್ತೇನೆ. ಸತ್ತರೆ ಸಾಕು ಅನ್ನುವ ಯೋಚನೆ ಬರುತ್ತಿದೆ. ಮೊದಲು ಹೀಗೆ ಇರಲಿಲ್ಲ. ಮನೆಯಲ್ಲಿ ಹೇಳಿಲ್ಲ.

ಉತ್ತರ

ತಮ್ಮಾ, ಇದನ್ನು ಓದಿದ ಕೂಡಲೇ ಎದ್ದು ರೂಮಿನವನಿಗೆ ಹೇಳು. "ಗುಳಿಗೆ ಏರಿಸಿದ ಮೇಲೆ ನನಗೆ ಹೀಗಾಗುತ್ತಿದೆ, ಒಬ್ಬನೇ ಇರಬಾರದು" ಅಂದರೆ ಸಾಕು. ಅವನ ಜೊತೆ ಈಗಲೇ ಹತ್ತಿರದ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗು. ಗುಳಿಗೆಗಳನ್ನೆಲ್ಲ ಅವನ ಕೈಗೆ ಕೊಡು. ಹೊರಡುವ ಮುಂಚೆ, ದಾರಿಯಲ್ಲಿ, ಯಾವಾಗ ಬೇಕಾದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ 14416ಕ್ಕೆ ಫೋನ್ ಮಾಡು. ಹಗಲು ರಾತ್ರಿ ಇರುತ್ತಾರೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ತಡೆಯಲಾಗದಷ್ಟು ಅನ್ನಿಸಿದರೆ 112.

ಈ ಯೋಚನೆ ನಿನ್ನ ಗುಣವಲ್ಲ, ದುರ್ಬಲತೆಯೂ ಅಲ್ಲ. ಕೂರಲಾಗದ ಚಡಪಡಿಕೆ ಔಷಧಿಯ ಒಂದು ಪರಿಣಾಮ, ಅದಕ್ಕೆ ಉಪಾಯವಿದೆ. ಚಿಕ್ಕ ವಯಸ್ಸಿನವರಲ್ಲಿ ಡೋಸ್ ಶುರು ಮಾಡಿದಾಗ, ಬದಲಿಸಿದಾಗ ಸಾವಿನ ಯೋಚನೆ ಬರಬಹುದು ಅನ್ನುವುದು ನಮಗೆ ಗೊತ್ತಿದೆ. ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ 2004ರಲ್ಲಿ ಮಕ್ಕಳ ವಿಷಯದಲ್ಲಿ ಎಚ್ಚರಿಕೆ ಬರೆಸಿತು, 2007ರಲ್ಲಿ ಅದನ್ನು 24 ವರ್ಷದವರೆಗೆ ವಿಸ್ತರಿಸಿತು. ಆಸ್ಪತ್ರೆಯ ವೈದ್ಯರಿಗೆ ನೀನು ಇಲ್ಲಿ ಬರೆದ ಸಾಲುಗಳನ್ನೇ ತೋರಿಸು. ತಲುಪಿದ ಮೇಲೆ ಇಲ್ಲಿ ಒಂದು ಮಾತು ಬರೆ, ನಾನು ಕಾಯುತ್ತಿರುತ್ತೇನೆ.

ಅದೇ ವಿದ್ಯಾರ್ಥಿ

ಬಂದಿದ್ದೇನೆ ಮೇಡಂ. ರೂಮಿನವನು ಜೊತೆಗಿದ್ದಾನೆ. ಅಪ್ಪನಿಗೆ ಅವನೇ ಫೋನ್ ಮಾಡಿದ. ಡೋಸ್ ಬದಲಿಸುತ್ತೇವೆ, ಇವತ್ತು ಇಲ್ಲೇ ಇರು ಅಂದಿದ್ದಾರೆ.

ಉತ್ತರ

ಸರಿಯಾದ ಕೆಲಸ ಮಾಡಿದೆ ತಮ್ಮಾ. ಅವನಿಗೂ ನನ್ನ ಕಡೆಯಿಂದ ಹೇಳು.

ಪ್ರಶ್ನೆ (ಹೆಸರು ಬೇಡ, ಜಮಖಂಡಿ ಕಡೆಯವರು)

ಮೇಡಂ, ಡೋಸ್ ಏರಿದ ಮೇಲೆ ಗಂಡ ಹೆಂಡತಿ ವಿಷಯದಲ್ಲಿ ಆಸಕ್ತಿಯೇ ಇಲ್ಲದ ಹಾಗಾಗಿದೆ. ವೈದ್ಯರು ಗಂಡಸರು, ಹೇಗೆ ಕೇಳುವುದು?

ಉತ್ತರ

ಇದು ಗುಳಿಗೆಯಿಂದ ಬಹಳ ಜನಕ್ಕೆ ಆಗುವಂಥದ್ದು, ಗಂಡಸರಿಗೂ ಹೆಂಗಸರಿಗೂ. ಹೊಟ್ಟೆಯ ತೊಂದರೆಯ ಹಾಗೆ ತಾನಾಗಿ ಹೋಗುತ್ತದೆ ಅಂತ ನಂಬಲಾಗದು, ಆದ್ದರಿಂದ ಹೇಳಲೇಬೇಕು. ಬಾಯಲ್ಲಿ ಹೇಳಲು ಸಂಕೋಚವಾದರೆ ಚೀಟಿಯಲ್ಲಿ ಒಂದು ಸಾಲು ಬರೆದು ಕೊಡಿ. ನಮಗೆ ಇದು ಹೊಸದಲ್ಲ. ಡೋಸ್ ಇಳಿಸಬಹುದು, ಬೇರೆ ಗುಳಿಗೆಗೆ ಹೋಗಬಹುದು. ಇದೇ ಕಾರಣಕ್ಕೆ ಯಾರಿಗೂ ಹೇಳದೆ ಗುಳಿಗೆ ಬಿಟ್ಟು ಮತ್ತೆ ಕಾಯಿಲೆಗೆ ಬಿದ್ದವರನ್ನು ನಾನು ಬಹಳ ನೋಡಿದ್ದೇನೆ. ನೋಡಿದಾಗಲೆಲ್ಲ ಬೇಸರವಾಗುತ್ತದೆ, ಒಂದು ಸಾಲು ಕೇಳಿದ್ದರೆ ಸಾಕಿತ್ತು. ತಪ್ಪು ನಮ್ಮ ಕಡೆಯೂ ಇದೆ. ಒಪಿಡಿಯ ಗದ್ದಲದಲ್ಲಿ ನಾವೇ ಮೊದಲು ಕೇಳುವುದನ್ನು ಬಿಟ್ಟಿರುತ್ತೇವೆ.

ಇಳಕಲ್‌ನ ಅಣ್ಣ, ಹನ್ನೆರಡು ದಿನದ ಮೇಲೆ

ಮೇಡಂ, ಫೋನ್ ಮಾಡಿದ ಮರುದಿನವೇ ಬರಲು ಹೇಳಿದರು. ಹೋಗುವಾಗ ಅಮೀನಗಡ ದಾಟುವಷ್ಟರಲ್ಲಿ ವಾಂತಿ ಬಂದ ಹಾಗಾಗಿ ಬಸ್ ಇಳಿಯಬೇಕು ಅನ್ನಿಸಿತು. ಕಿಟಕಿ ಪಕ್ಕ ಕೂತು ಹೇಗೋ ಹೋದೆ. ಇಸಿಜಿ ಸರಿ ಇದೆ. ಡೋಸ್ 15 ಮಾಡಿದ್ದಾರೆ. ಗ್ಯಾಸ್ ಗುಳಿಗೆ ನಿಂತಿತು, ಚಹಾ ಮೂರಕ್ಕೆ ಬಂದಿದೆ, ಎರಡಕ್ಕೆ ಇನ್ನೂ ಆಗಿಲ್ಲ. ಹೊಟ್ಟೆ ತೊಳಸುವುದು ಹೋಯಿತು. ಆಕಳಿಕೆ ಸ್ವಲ್ಪ ಇದೆ. ರಾತ್ರಿ ಐದರ ತನಕ ನಿದ್ದೆ. ಗಾಬರಿ ಮಾತ್ರ 10ರಲ್ಲಿ ಎಷ್ಟಿತ್ತೋ ಅಷ್ಟೇ ಇದೆ. 15 ಸಾಲುವುದಿಲ್ಲ ಅಂತಲಾ ಇದು?

ಉತ್ತರ

ಅಲ್ಲ, ಇನ್ನೂ ಹೇಳುವ ಹೊತ್ತಾಗಿಲ್ಲ. 15 ಶುರುವಾಗಿ ಎರಡು ವಾರವೂ ಆಗಿಲ್ಲ. ಒಂದು ನೋಟ್‌ಬುಕ್ ಇಡಿ, ಉದ್ರಿ ಬರೆಯುವ ಹಾಗೆ. ದಿನಾ ರಾತ್ರಿ ಒಂದೇ ಸಾಲು: ಗಾಬರಿ ಹತ್ತಕ್ಕೆ ಎಷ್ಟು, ನಿದ್ದೆ ಎಷ್ಟು ಗಂಟೆ, ಹೊಟ್ಟೆ ಹೇಗೆ. ಒಂದು ದಿನದ ಅಂಕಿ ನೋಡಿ ಏನೂ ತೀರ್ಮಾನ ಮಾಡಬೇಡಿ. ವಾರದಿಂದ ವಾರಕ್ಕೆ ಹೋಲಿಸಿ. ಮುಂದಿನ ಸಲ ಆ ಪುಟವನ್ನೇ ವೈದ್ಯರ ಮುಂದಿಡಿ. 20ಕ್ಕೆ ಹೋಗಬೇಕಾ, 15ರಲ್ಲೇ ನಿಲ್ಲಬೇಕಾ ಅನ್ನುವುದು ಅದರಿಂದ ತಿಳಿಯುತ್ತದೆ.

ಗಾಬರಿಗೆ ಆಪ್ತಸಮಾಲೋಚನೆಯೂ ಬೇಕು, ಅದನ್ನು ಕೇಳಿ. ವಾಂತಿ ಬರುವ ಹಾಗಿದ್ದರೂ ಬಸ್ ಇಳಿಯದೆ ಬಾಗಲಕೋಟೆ ಮುಟ್ಟಿದಿರಲ್ಲ, ಆಪ್ತಸಮಾಲೋಚನೆಯಲ್ಲಿ ಕಲಿಸುವುದರಲ್ಲಿ ಅದೂ ಒಂದು. ಭಯ ಬಂದಾಗ ಓಡಿಹೋಗದೆ, ಅದು ಇಳಿಯುವ ತನಕ ಅಲ್ಲೇ ಇರುವುದು.

ಇಳಕಲ್‌ನ ಅಣ್ಣ

ಆಯಿತು ಮೇಡಂ. ಪೂರ್ತಿ ಆರಾಮಾದ ಮೇಲೆ ಎಷ್ಟು ದಿನ ನುಂಗಬೇಕು? ಅವ್ವ ಕೇಳುತ್ತಿದ್ದಾಳೆ.

ಉತ್ತರ

ಆರಾಮಾದ ಮೇಲೂ ಸಾಮಾನ್ಯವಾಗಿ 6ರಿಂದ 12 ತಿಂಗಳು. ಆಮೇಲೆ ಏರಿಸಿದ ಹಾಗೆಯೇ ಮೆಟ್ಟಿಲು ಮೆಟ್ಟಿಲಾಗಿ ಇಳಿಸುತ್ತಾರೆ. ಅವ್ವನಿಗೆ ಮಜ್ಜಿಗೆ ಮುಂದುವರಿಸಲು ಹೇಳಿ.