ತಲೆಗೆ ಬಟ್ಟೆ ಇಲ್ಲ, ಕಿವಿಗೆ ಹತ್ತಿ ಇಲ್ಲ

ಎಲ್ಲರಿಗೂ ನಮಸ್ಕಾರ. ಹೋದ ವಾರ ನಮ್ಮ ಇಂಗ್ಲೆಂಡ್ ಕನ್ನಡಿಗರ ಗುಂಪಿನಲ್ಲಿ ಹೆಸರಾದವರ ಬಸುರು, ಮಕ್ಕಳ ಬಗ್ಗೆ ನಡೆದ ಮಾತಿಗೆ ಆಗಲೇ ಉತ್ತರ ಬರೆಯಬೇಕು ಅಂದುಕೊಂಡೆ. ಸಿಟ್ಟು ಬಂದಿತ್ತು, ಅದಕ್ಕೇ ಬರೆಯಲಿಲ್ಲ. ಈಗ ಮಗನನ್ನು ಈಜು ಕ್ಲಾಸಿಗೆ ಬಿಟ್ಟು ಕಾರಿನಲ್ಲಿ ಕೂತಿದ್ದೇನೆ, ಮುಕ್ಕಾಲು ಗಂಟೆ ಸಿಕ್ಕಿದೆ. ಉದ್ದ ಆಗುತ್ತದೆ. ಅಷ್ಟು ಓದಲು ಪುರುಸೊತ್ತಿಲ್ಲದವರು ನೇರ ಕೊನೆಯ ಪ್ಯಾರಾಗೆ ಹೋಗಿ, ಕೆಲಸದ ವಿಷಯ ಇರುವುದು ಅಲ್ಲೇ.

ಆ ದಿನ ಗುಂಪು ನೋಡದವರಿಗೆ ಹೇಳಿಬಿಡುತ್ತೇನೆ. ಕೊಹ್ಲಿ, ಅನುಷ್ಕಾ ಮಕ್ಕಳ ಮುಖ ತೋರಿಸಲ್ಲ ಅನ್ನುವುದರಿಂದ ಶುರುವಾಯಿತು. ಅಲ್ಲಿಂದ ದೀಪಿಕಾ ಮಗಳ ಹೆಸರಿಗೆ ಹೋಯಿತು. ಆಮೇಲೆ ನಮ್ಮ ನಟಿ ಭಾವನಾ ರಾಮಣ್ಣ ಅವರ ಐವಿಎಫ್, ಅಂದರೆ ಪ್ರಣಾಳ ಶಿಶು ಚಿಕಿತ್ಸೆ. ರಾತ್ರಿ ಹನ್ನೊಂದಕ್ಕೆ ನೋಡಿದರೆ ಎಂಬತ್ತು ಚಿಲ್ಲರೆ ಮೆಸೇಜು. ಶಾಲೆ ಅಡ್ಮಿಷನ್ ಬಗ್ಗೆ ಕೇಳಿದರೆ ಎರಡು ಉತ್ತರ ಬರುವ ಗುಂಪು ಇದು, ನೆನಪಿರಲಿ.

ಮೊದಲು ನಮ್ಮ ಅಮ್ಮನ ಕಥೆ ಹೇಳುತ್ತೇನೆ.

2018ರ ಏಪ್ರಿಲ್ 23. ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆಯ ಲಿಂಡೋ ವಿಂಗ್‌ನಲ್ಲಿ ರಾಜಕುಮಾರ ವಿಲಿಯಂ ಹೆಂಡತಿ ಕೇಟ್‌ಗೆ ಮೂರನೇ ಮಗು ಲೂಯಿ ಹುಟ್ಟಿದ ದಿನ. ಬೆಳಿಗ್ಗೆ 11ಕ್ಕೆ ಹೆರಿಗೆ. ಸಂಜೆ 6ರ ಹೊತ್ತಿಗೆ ಕೆಂಪು ಡ್ರೆಸ್ಸು, ಹೈ ಹೀಲ್ಸು ಹಾಕಿಕೊಂಡು ಮೆಟ್ಟಿಲ ಮೇಲೆ ನಿಂತಿದ್ದಾಳೆ. ನಾನು ಆಗ ತುಂಬು ಬಸುರಿ, ಇವತ್ತೋ ನಾಳೆಯೋ ಅನ್ನುವಂತಿದ್ದೆ. ಅಮ್ಮ ತಿಪಟೂರಿನಿಂದ ವಿಸಿಟರ್ ವೀಸಾದಲ್ಲಿ ಬಂದಿದ್ದರು. ಸೂಟ್‌ಕೇಸಿನ ಅರ್ಧ ಬಾಣಂತನದ ಸಾಮಾನು. ಒಣಶುಂಠಿ, ಮೆಣಸು, ಬಜೆ, ಅಂಟಿನುಂಡೆ, ಹಳೇ ಕಾಟನ್ ಸೀರೆ ಹರಿದ ಬಟ್ಟೆ. ಟೀವಿ ನೋಡಿ ಅಮ್ಮ ಸೋಫಾದಿಂದ ಎದ್ದೇ ಬಿಟ್ಟರು.

"ಅಯ್ಯೋ, ಹಸಿ ಬಾಣಂತಿ ಕಣೇ! ತಲೆಗೆ ಬಟ್ಟೆ ಇಲ್ಲ, ಕಿವಿಗೆ ಹತ್ತಿ ಇಲ್ಲ. ಆ ಅತ್ತೆಗಾದರೂ ಬುದ್ಧಿ ಬೇಡ್ವಾ?"

ಅತ್ತೆ ಡಯಾನಾ ತೀರಿಕೊಂಡು ಇಪ್ಪತ್ತು ವರ್ಷ ಆಯ್ತಮ್ಮ ಅಂದೆ. ಒಂದು ಕ್ಷಣ ಸುಮ್ಮನಾದರು. "ಅಜ್ಜಿ ಇದಾರಲ್ಲ" ಅಂದರು.

ಎರಡು ದಿನ ಬಿಟ್ಟು ನನ್ನ ಹೆರಿಗೆ ಆಯಿತು. ಎಂಟು ಗಂಟೆಯಾದ ಮೇಲೆ ಹೆರಿಗೆ ನೋಡಿಕೊಳ್ಳುವ ಮಿಡ್‌ವೈಫ್ ಬಂದು, ಎಲ್ಲ ಸರಿಯಾಗಿದೆ, ಮನೆಗೆ ಹೋಗಬಹುದು ಅಂದಳು. ಅಮ್ಮನಿಗೆ ನಂಬಿಕೆಯೇ ಬರಲಿಲ್ಲ. ಊರಿನಲ್ಲಿ ಮೂರು ದಿನವಾದರೂ ಇಟ್ಟುಕೊಳ್ಳುತ್ತಾರೆ. ಇಲ್ಲಿ ಸಲೀಸಾದ ಹೆರಿಗೆ ಆದರೆ ಆರು ಗಂಟೆಗೂ ಕಳಿಸುತ್ತಾರೆ. ಮರುದಿನ ಮಿಡ್‌ವೈಫ್ ಮನೆ ಬಾಗಿಲಿಗೇ ಬರುತ್ತಾಳೆ, ಆಮೇಲೆ ಮಗುವಿನ ಬೆಳವಣಿಗೆ ನೋಡುವ ನರ್ಸ್, ಹೆಲ್ತ್ ವಿಸಿಟರ್. ಕೇಟ್ ಅಷ್ಟು ಬೇಗ ಹೊರಟಿದ್ದರಲ್ಲಿ ರಾಜಮನೆತನದ್ದು ಅಂತ ಏನೂ ಇರಲಿಲ್ಲ. ಡ್ರೆಸ್ಸು, ಹೀಲ್ಸು, ಕೂದಲು ಸೆಟ್ ಮಾಡಿದವರು, ಅಷ್ಟೇ ರಾಜಮನೆತನದ್ದು. ನಾನು ಹೊರಟಿದ್ದು ಗಂಡನ ಜರ್ಕಿನ್, ಅಮ್ಮ ಕಟ್ಟಿದ ಸ್ಕಾರ್ಫು, ಕಿವಿಯಲ್ಲಿ ಹತ್ತಿ ಇಟ್ಟುಕೊಂಡು. ಕಾರ್ ಪಾರ್ಕಿನಲ್ಲಿ ನೋಡಿದವರು ತಲೆಗೆ ಏಟು ಬಿದ್ದಿದೆ ಅಂದುಕೊಂಡಿರಬೇಕು.

ಮರುವರ್ಷ ಕೇಟ್ ಓರಗಿತ್ತಿ ಮೇಗನ್ ಆ ಮೆಟ್ಟಿಲ ಮೇಲೆ ನಿಲ್ಲಲು ಒಪ್ಪಲಿಲ್ಲ. ಆರ್ಚಿ ಹುಟ್ಟಿದ್ದು 2019ರ ಮೇ 6, ತೋರಿಸಿದ್ದು ಎರಡು ದಿನ ಬಿಟ್ಟು ವಿಂಡ್ಸರ್ ಅರಮನೆಯಲ್ಲಿ. ಆಗ ಮಾತು ಉಲ್ಟಾ. ನಮ್ಮ ತೆರಿಗೆ ದುಡ್ಡು, ಮಗು ತೋರಿಸಲು ಏನು ಧಾಡಿ, ಅಂತ. ಒಬ್ಬಳು ಬೇಗ ತೋರಿಸಿ ಬೈಸಿಕೊಂಡಳು, ಇನ್ನೊಬ್ಬಳು ತಡವಾಗಿ ತೋರಿಸಿ ಬೈಸಿಕೊಂಡಳು.

ಹಾಗಂತ ಜನರ ಬಾಯಿಂದ ಬಂದಿದ್ದೆಲ್ಲ ತಪ್ಪು ಅಂತ ನಾನು ಹೇಳುವುದಿಲ್ಲ. 2013ರ ಜುಲೈನಲ್ಲಿ ಜಾರ್ಜ್ ಹುಟ್ಟಿದಾಗ ವಿಲಿಯಂ ಕಾರ್ ಸೀಟನ್ನು ತಾನೇ ಎತ್ತಿಕೊಂಡು ಬಂದು ಕಾರಿನಲ್ಲಿ ಕೂರಿಸಿದ. ಎಲ್ಲರೂ ಆಹಾ ಅಂದರು. ಕೆಲವು ತಾಯಂದಿರು ಮಾತ್ರ ಫೋಟೋ ದೊಡ್ಡದು ಮಾಡಿ ನೋಡಿ, ಮಗುವನ್ನು ಬಟ್ಟೆಯಲ್ಲಿ ಸುತ್ತಿ ಕೂರಿಸಿದ್ದಾರೆ, ಬೆಲ್ಟು ಸಡಿಲ ಇದೆ ಅಂದರು. ಕಿರಿಕಿರಿ ಅನ್ನಿಸಿದರೂ ಅವರು ಹೇಳಿದ್ದು ಸರಿ. ದಪ್ಪ ಸುತ್ತುಬಟ್ಟೆ ಇದ್ದರೆ ಬೆಲ್ಟು ಮೈಗೆ ಕೂರಲ್ಲ. ಮೊದಲು ಬೆಲ್ಟು, ಅದರ ಮೇಲೆ ಹೊದಿಕೆ. ಇದನ್ನು ನಾನು ಕಲಿತದ್ದು ರಾಜಕುಮಾರನ ತಪ್ಪಿನಿಂದಲೇ.

ಇನ್ನೊಂದು ಇದಕ್ಕಿಂತ ದೊಡ್ಡದು. ಇಲ್ಲಿ ಹಳಬರಾದವರಿಗೆ ಆ್ಯನ್ ಡೈಮಂಡ್ ಗೊತ್ತಿರಬಹುದು, ಬೆಳಗಿನ ಟೀವಿಯ ನಿರೂಪಕಿ. 1991ರಲ್ಲಿ ಅವರ ನಾಲ್ಕು ತಿಂಗಳ ಮಗ ಮಲಗಿದ್ದಲ್ಲೇ ತೀರಿಕೊಂಡ. ಬರಬೇಡಿ ಅಂತ ಕೇಳಿಕೊಂಡಿದ್ದರೂ ಒಂದು ಪತ್ರಿಕೆ ಅಂತ್ಯಕ್ರಿಯೆಯ ಫೋಟೋ ಹಾಕಿತು. ಆ ಹೆಣ್ಣುಮಗಳು ಮನೆಯೊಳಗೆ ಕೂರಲಿಲ್ಲ. ನ್ಯೂಜಿಲೆಂಡ್‌ನಲ್ಲಿ ಮಕ್ಕಳನ್ನು ಅಂಗಾತ ಮಲಗಿಸಲು ಹೇಳಿದ ಮೇಲೆ ಇಂಥ ಸಾವು ಕಡಿಮೆಯಾಗಿದೆ ಅಂತ ತಿಳಿದು ಅಲ್ಲಿಗೇ ಹೋದರು. ಬಂದು ಸರ್ಕಾರದ ಬೆನ್ನು ಹತ್ತಿದರು. ಅದೇ ಡಿಸೆಂಬರ್‌ನಲ್ಲಿ ಮಗುವನ್ನು ಅಂಗಾತ ಮಲಗಿಸಿ ಅನ್ನುವ 'ಬ್ಯಾಕ್ ಟು ಸ್ಲೀಪ್' ಪ್ರಚಾರ ಶುರುವಾಯಿತು. ಅಲ್ಲಿಂದೀಚೆಗೆ ಈ ದೇಶದಲ್ಲಿ ಅಂಥ ಸಾವು ಸುಮಾರು ಶೇಕಡಾ 80ರಷ್ಟು ಇಳಿದಿದೆ.

ನಮ್ಮ ಮನೆಯಲ್ಲಿ ಜಗಳ ಆಗಿದ್ದೂ ಇದೇ ವಿಷಯಕ್ಕೆ. ಅಮ್ಮ ಸಾಸಿವೆ ದಿಂಬು ತಂದಿದ್ದರು, ಮಗುವಿನ ತಲೆ ದುಂಡಗಾಗಲಿ ಅಂತ. ಒಂದು ವರ್ಷದವರೆಗೆ ದಿಂಬೇ ಬೇಡ ಅಂದಳು ಹೆಲ್ತ್ ವಿಸಿಟರ್. "ನಿನ್ನ ತಲೆ ದುಂಡಗಿರೋದು ಆ ದಿಂಬಿನಿಂದಲೇ" ಅಂದರು ಅಮ್ಮ. ಎರಡು ದಿನ ಮಾತಿಲ್ಲ. ಮೂರನೇ ದಿನ ಈ ಟೀವಿ ನಿರೂಪಕಿಯ ಕಥೆ ಹೇಳಿದೆ. ಅಮ್ಮ ಏನೂ ಅನ್ನಲಿಲ್ಲ. ರಾತ್ರಿ ಎದ್ದು ನೋಡಿದರೆ ತೊಟ್ಟಿಲಲ್ಲಿ ದಿಂಬಿರಲಿಲ್ಲ. ಕಣ್ಣಿಗೆ ಕಾಡಿಗೆ ಹಚ್ಚುವುದೂ ಹಾಗೇ ನಿಂತಿತು, ಅದರಲ್ಲಿ ಸೀಸ ಇರಬಹುದು ಅಂದ ಮೇಲೆ. ದೃಷ್ಟಿಬೊಟ್ಟು ಅಂಗಾಲಿಗೆ ಹೋಯಿತು. ಹಾಂ, ಹೊಸಬರು ಇದೊಂದು ಗಮನಿಸಿ. ನಮ್ಮ ಮಕ್ಕಳ ಬೆನ್ನಲ್ಲಿ, ಕುಂಡೆಯಲ್ಲಿ ಹುಟ್ಟುವಾಗಲೇ ನೀಲಿ ಮಚ್ಚೆ ಇರುತ್ತವೆ. ನೋಡಿದವರು ಪೆಟ್ಟಿನ ಗುರುತು ಅಂದುಕೊಳ್ಳುವುದುಂಟು. ಮೊದಲ ವಾರವೇ ಮಗುವಿನ ಆರೋಗ್ಯದ ದಾಖಲೆ ಪುಸ್ತಕವಾದ ರೆಡ್ ಬುಕ್‌ನಲ್ಲಿ ಬರೆಸಿಬಿಡಿ.

ಹೀಗೆ ಮಗುವಿನ ಜೀವಕ್ಕೆ ಸಂಬಂಧಿಸಿದ ಮಾತಾದರೆ ಜೋರಾಗಿಯೇ ಹೇಳಿ. ನನಗೂ ಹೇಳಿ. ಆದರೆ ಹೋದ ವಾರದ ಎಂಬತ್ತರಲ್ಲಿ ಅಂಥ ಮೆಸೇಜು ಒಂದಾದರೂ ಇತ್ತಾ? ನಾನು ಎಣಿಸಿದೆ. ಸೊನ್ನೆ.

ಕೊಹ್ಲಿ ವಿಷಯಕ್ಕೆ ಬರೋಣ. 2020ರ ಡಿಸೆಂಬರ್‌ನಲ್ಲಿ ಅಡಿಲೇಡ್‌ನಲ್ಲಿ 36ಕ್ಕೆ ಆಲೌಟ್ ಆಗಿ, ಆತ ಹೆಂಡತಿಯ ಹೆರಿಗೆಗೆ ಊರಿಗೆ ಬಂದದ್ದಕ್ಕೆ ಎಷ್ಟು ಮಾತು! 2015ರಲ್ಲಿ ಧೋನಿ ಮಗಳು ಹುಟ್ಟಿದಾಗ ವಿಶ್ವಕಪ್ಪಿಗೆ ಅಂತ ಆಸ್ಟ್ರೇಲಿಯಾದಲ್ಲೇ ಉಳಿದಿದ್ದನ್ನು ಎಲ್ಲರೂ ಎತ್ತಿ ಆಡಿದರು. ಸರಣಿ ಏನಾಯಿತು? ರಹಾನೆ ಹುಡುಗರು 2-1ರಲ್ಲಿ ಗೆದ್ದು ಬಂದರು. ಗುಂಪಿನಲ್ಲಿ "ಹೆರಿಗೆಗೆ ಗಂಡಸಿಗೇನ್ರೀ ಕೆಲಸ" ಅಂತ ಬರೆದ ಅಣ್ಣನವರೇ, ನಿಮ್ಮ ಮನೆಯವರು ನನ್ನ ಪಕ್ಕದಲ್ಲೇ ಕೂತು ಅದನ್ನು ಓದಿದರು. ಏನಂದರು ಅಂತ ಮನೆಯಲ್ಲೇ ಕೇಳಿ. ಇಲ್ಲಿ ಅಪ್ಪನಿಗೆ ಕಾನೂನಿನಲ್ಲಿ ಸಿಗುವುದೇ ಎರಡು ವಾರ. ಊರಿನಿಂದ ಯಾರೂ ಬರದಿದ್ದರೆ ನ್ಯಾಪಿ, ಅಡುಗೆ, ರಾತ್ರಿ ಎತ್ತಿಕೊಂಡು ತಿರುಗುವುದು ಎಲ್ಲ ಅವನದೇ.

ಮುಖ ತೋರಿಸದೆ ಇರುವುದಕ್ಕೆ ಒಬ್ಬರು "ಇವರ ಮಗು ಏನು ಬಂಗಾರದ್ದಾ" ಅಂದರು. 2022ರ ಜನವರಿಯಲ್ಲಿ ಕೇಪ್‌ಟೌನ್ ಮ್ಯಾಚಿನಲ್ಲಿ ಕ್ಯಾಮೆರಾ ಅಮ್ಮನ ಕಂಕುಳಲ್ಲಿದ್ದ ಆ ಮಗುವಿನ ಕಡೆ ತಿರುಗಿತು. ಅಷ್ಟು ದಿನ ಕಾಪಾಡಿಕೊಂಡದ್ದು ಒಂದು ಕ್ಷಣದಲ್ಲಿ ಎಲ್ಲರ ಫೋನಿಗೂ ಬಂತು. ನಮ್ಮಲ್ಲೇ ಕಡಿಮೆ ಇದ್ದೇವಾ? ಯುಗಾದಿ ಕಾರ್ಯಕ್ರಮದಲ್ಲಿ ಬೇರೆಯವರ ಮಕ್ಕಳ ಡ್ಯಾನ್ಸ್ ವಿಡಿಯೋ ಕೇಳದೆ ಹಾಕಿದವರಲ್ಲಿ ನಾನೂ ಒಬ್ಬಳು. ಒಬ್ಬ ತಾಯಿ ತೆಗೆಯಿರಿ ಅಂದಾಗ ನನಗೆ ಮುಖ ಊದಿತ್ತು. ಈಗ ಯೋಚಿಸಿದರೆ ಮುಖ ಊದಿಸಿಕೊಳ್ಳಬೇಕಾದವರು ಅವರು.

ಹೆಸರಿನ ಗಲಾಟೆ ನನಗೆ ಅರ್ಥವೇ ಆಗುವುದಿಲ್ಲ. ಕುಂದಾಪುರ ಕಡೆಯ ಪಡುಕೋಣೆ ಮನೆತನದ ಹುಡುಗಿ ಮಗಳಿಗೆ ದುವಾ ಅಂತ ಇಟ್ಟಳು. ಪ್ರಾರ್ಥನೆ ಅಂತ ಅರ್ಥ. ಅದಕ್ಕೆ ಮೊದಲು, ಮತ ಹಾಕಲು ಬಂದಾಗ ಆ ಹೊಟ್ಟೆಯೇ ಸುಳ್ಳು ಅಂದರು. ಮಗು ಹುಟ್ಟಿದ ಮೇಲೆ ಹೆಸರು ಸರಿಯಿಲ್ಲ ಅಂದರು. ನಮ್ಮಲ್ಲಿ ಎಷ್ಟು ಜನ ಇಂಗ್ಲಿಷಿನವರ ನಾಲಿಗೆಗೆ ಸಲೀಸಾಗಲಿ ಅಂತ ಎರಡಕ್ಷರದ ಹೆಸರು ಹುಡುಕಿಲ್ಲ? ಅಂದಹಾಗೆ ಇಂಗ್ಲೆಂಡಿನಲ್ಲಿ 42 ದಿನದೊಳಗೆ ಜನನ ನೋಂದಣಿ ಆಗಬೇಕು. ನಟಿ ಮೇಘನಾ ರಾಜ್ ಅವರ ಮಗ ಹುಟ್ಟಿದ್ದು 2020ರ ಅಕ್ಟೋಬರ್, ರಾಯನ್ ಅಂತ ಹೆಸರು ಹೇಳಿದ್ದು ಮರುವರ್ಷದ ಸೆಪ್ಟೆಂಬರ್. ಇಲ್ಲಾಗಿದ್ದರೆ ರಿಜಿಸ್ಟ್ರಾರ್ ಕಾಗದ ಬಂದಿರುತ್ತಿತ್ತು. ಜ್ಯೋತಿಷಿ, ಸೋದರತ್ತೆ, ಎರಡೂ ಕಡೆಯ ಅಜ್ಜಂದಿರು ಒಪ್ಪುವುದರೊಳಗೆ ದಿನ ಮೀರುತ್ತೆ ಅನ್ನುವ ಹೆದರಿಕೆ ಇದ್ದರೆ, ಹನ್ನೆರಡು ತಿಂಗಳೊಳಗೆ ಮೊದಲ ಹೆಸರು ಬದಲಿಸಲು ಅವಕಾಶ ಇದೆ.

ಈಗ ನನ್ನನ್ನು ಸಿಟ್ಟಿಗೆಬ್ಬಿಸಿದ ವಿಷಯ. ಸಿಟ್ಟು ಬೇರೆಯವರ ಮೇಲೆ ಮಾತ್ರ ಅಲ್ಲ. 2022ರ ಜನವರಿಯಲ್ಲಿ ಪ್ರಿಯಾಂಕಾ ಚೋಪ್ರಾಗೆ ಬಾಡಿಗೆ ತಾಯಿಯಿಂದ ಮಗು ಅಂತ ಸುದ್ದಿ ಬಂದಾಗ, ಇದೇ ಗುಂಪಿನಲ್ಲಿ "ಫಿಗರ್ ಕೆಡಬಾರದಲ್ಲ, ಪಾಪ" ಅಂತ ಬರೆದವಳು ನಾನೇ. ಇಪ್ಪತ್ತು ಜನ ನಗುವ ಇಮೋಜಿ ಹಾಕಿದ್ದಿರಿ. ಮೇ ತಿಂಗಳಲ್ಲಿ ಆಕೆ ಬರೆದರು, ದಿನ ತುಂಬುವ ಮೊದಲೇ ಹುಟ್ಟಿದ ಮಗು ನೂರಕ್ಕೂ ಜಾಸ್ತಿ ದಿನ ಹಸುಗೂಸುಗಳ ತೀವ್ರ ನಿಗಾ ಘಟಕವಾದ ಎನ್‌ಐಸಿಯುನಲ್ಲಿತ್ತು ಅಂತ. ನಾನು ಜೋಕು ಹೊಡೆದಾಗ ಆ ಮಗು ಅಲ್ಲೇ ಇತ್ತು. ತಮಗೆ ವೈದ್ಯಕೀಯ ತೊಂದರೆಗಳಿದ್ದವು ಅಂತ ಆಮೇಲೆ ಆಕೆಯೇ ಹೇಳಿಕೊಂಡರು. ನನ್ನ ಮೆಸೇಜು ಅಳಿಸಲು ಹೋದೆ, ಸಮಯ ಮೀರಿತ್ತು. ಇವತ್ತಿಗೂ ಮೇಲಕ್ಕೆ ಸರಿಸಿದರೆ ಅದು ಅಲ್ಲೇ ಇದೆ.

ಭಾವನಾ ಅವರು ಮದುವೆಯಾಗದೆ, ಐವಿಎಫ್ ಮೂಲಕ ಅವಳಿ ಮಕ್ಕಳಿಗೆ ತಾಯಿಯಾಗುತ್ತಿದ್ದೇನೆ ಅಂತ 2025ರ ಜುಲೈನಲ್ಲಿ ತಾವೇ ಹೇಳಿದರು. ಕದ್ದು ಮುಚ್ಚಿ ಮಾಡಿದ್ದಲ್ಲ. ಭಾರತದ 2021ರ ಕಾನೂನಿನಲ್ಲಿ 21ರಿಂದ 50 ವರ್ಷದ ಒಂಟಿ ಹೆಣ್ಣಿಗೂ ಐವಿಎಫ್‌ಗೆ ಅವಕಾಶ ಇದೆ. ಹೆರಿಗೆಯಲ್ಲಿ ಎರಡರಲ್ಲಿ ಒಂದು ಮಗು ಉಳಿಯಲಿಲ್ಲ. ಇಷ್ಟು ಗೊತ್ತಿದ್ದೂ ನಮ್ಮ ಗುಂಪಿನಲ್ಲಿ "ಅಪ್ಪನ ಹೆಸರಿನ ಜಾಗದಲ್ಲಿ ಏನು ಬರೀತಾರಂತೆ" ಅಂತ ನಗು. ಇಲ್ಲಿನ ರಿಜಿಸ್ಟ್ರಾರ್ ಆ ಜಾಗ ಖಾಲಿ ಬಿಟ್ಟು ಮುಂದಿನ ಪ್ರಶ್ನೆ ಕೇಳುತ್ತಾರೆ. ಅಷ್ಟೇ.

ಆ ರಾತ್ರಿ ಹನ್ನೆರಡೂವರೆಗೆ ನನಗೊಂದು ಮೆಸೇಜು ಬಂತು. "ಅಕ್ಕ, ನಮ್ಮದೂ ಐವಿಎಫ್. ಇದು ನಾಲ್ಕನೇ ಸಲ. ಊರಲ್ಲಿ ಯಾರಿಗೂ ಹೇಳಿಲ್ಲ. ಗುಂಪಲ್ಲಿ ಇರಬೇಕೋ ಬೇಡ್ವೋ ಗೊತ್ತಾಗ್ತಿಲ್ಲ." ಹೆಸರು ಹೇಳದೆ ಬರೆಯಲು ಒಪ್ಪಿದ್ದಾಳೆ. ಈ ಗುಂಪಿನಲ್ಲಿ ಈಗ ನನಗೆ ಗೊತ್ತಿರುವಂತೆ ಮೂವರು ಬಸುರಿಯರಿದ್ದಾರೆ. ದಯವಿಟ್ಟು ಊಹಿಸಲು ಕೂರಬೇಡಿ. ಭಾವನಾ ನಮ್ಮ ಗುಂಪು ಓದುವುದಿಲ್ಲ, ದೀಪಿಕಾಗೆ ನಾವು ಯಾರೆಂದೇ ಗೊತ್ತಿಲ್ಲ. ಇವಳು ಓದುತ್ತಾಳೆ, ಒಂದೊಂದು ಅಕ್ಷರವನ್ನೂ.

ಈ ಕುತೂಹಲ ಎಲ್ಲಿಗೆ ಹೋಗಿ ಮುಟ್ಟುತ್ತದೆ ಅಂತ ನಮ್ಮ ಕರಾವಳಿಯವರಿಗೆ ಹೇಳಬೇಕಾಗಿಲ್ಲ. 2012ರ ಡಿಸೆಂಬರ್‌ನಲ್ಲಿ ಕೇಟ್ ಬಸುರಿನ ವಾಂತಿ ತಡೆಯಲಾಗದೆ ಆಸ್ಪತ್ರೆ ಸೇರಿದ್ದರು. ಆಸ್ಟ್ರೇಲಿಯಾದ ಇಬ್ಬರು ರೇಡಿಯೋದವರು ರಾಣಿ, ರಾಜಕುಮಾರ ಅಂತ ನಾಟಕವಾಡಿ ಬೆಳಗಿನ ಜಾವ ಫೋನ್ ಮಾಡಿದರು. ಫೋನ್ ಎತ್ತಿ ವಾರ್ಡಿಗೆ ಕೊಟ್ಟವರು ಮಂಗಳೂರಿನಲ್ಲಿ ಹುಟ್ಟಿದ ಒಬ್ಬ ನರ್ಸ್, ಬ್ರಿಸ್ಟಲ್‌ನಲ್ಲಿ ಸಂಸಾರ, ಇಬ್ಬರು ಮಕ್ಕಳು. ಜಗತ್ತೆಲ್ಲ ನಕ್ಕಿತು. ಮೂರು ದಿನಕ್ಕೆ ಆಕೆ ಜೀವ ಕಳೆದುಕೊಂಡರು. ಉಡುಪಿ ಜಿಲ್ಲೆಯ ಶಿರ್ವದಲ್ಲಿ ಮಣ್ಣಾಯಿತು. ಆಕೆಯ ಹೆಸರು ನಿಮಗೆಲ್ಲ ಗೊತ್ತು, ಇಲ್ಲಿ ಮತ್ತೆ ಬರೆಯುವುದಿಲ್ಲ.

ಕ್ಲಾಸ್ ಮುಗಿಯುವ ಹೊತ್ತಾಯಿತು, ಕೆಲಸದ ವಿಷಯ ಹೇಳಿಬಿಡುತ್ತೇನೆ. ರೆಡಿಂಗ್‌ನ ಜೋಡಿಗೆ ಮೊನ್ನೆ ಹೆಣ್ಣುಮಗು. ಹುಡುಗಿಯ ಅಮ್ಮನ ವೀಸಾ ಇನ್ನೂ ಬಂದಿಲ್ಲ, ಹುಡುಗನ ಎರಡು ವಾರ ಬರುವ ಶುಕ್ರವಾರಕ್ಕೆ ಮುಗಿಯುತ್ತದೆ. ಡಬ್ಬಿ ಸರದಿ ಹಾಕುತ್ತಿದ್ದೇನೆ. ಸೋಮವಾರ ನನ್ನದು, ಮೆಣಸಿನ ಸಾರು, ಸಬ್ಬಸಿಗೆ ಸೊಪ್ಪಿನ ಪಲ್ಯ. ಮಂಗಳವಾರ, ಗುರುವಾರಕ್ಕೆ ಜನ ಸಿಕ್ಕಿದ್ದಾರೆ. ಬುಧವಾರ, ಶುಕ್ರವಾರ ಖಾಲಿ. ಖಾರ ಕಡಿಮೆ, ಬದನೆಕಾಯಿ ಬೇಡ. ಕೊಹ್ಲಿ ರಜೆಯ ಬಗ್ಗೆ ಬರೆದ ಅಣ್ಣನವರೇ, ನೀವು ಬಿಸಿಬೇಳೆಬಾತ್ ಚೆನ್ನಾಗಿ ಮಾಡುತ್ತೀರಿ ಅಂತ ಮನೆಯವರು ಹೇಳಿದರು, ಶುಕ್ರವಾರಕ್ಕೆ ನಿಮ್ಮ ಹೆಸರು ಬರೆದುಕೊಂಡಿದ್ದೇನೆ. ಡಬ್ಬಿ ಬಾಗಿಲಲ್ಲಿಟ್ಟು ಬೆಲ್ ಒತ್ತಿ ಬಂದುಬಿಡಿ, ಒಳಗೆ ಹೋಗಬೇಡಿ. ಮಗು ಯಾರ ಹಾಗಿದೆ ಅಂತ ಆಮೇಲೆ ನೋಡೋಣ.